ಚಾರ್ಮಾಡಿಯ ಫೀಡ್ ಸುಮ್ಮನಾದ ಮಳೆಗಾಲ

ಹುಳಿಯಾದ ಹಾಲಿನ ವಾಸನೆ ಮೂಗಿಗೆ ಬಿದ್ದರೆ ನನಗೆ ಈಗಲೂ ಪಿತ್ತ ನೆತ್ತಿಗೇರುತ್ತದೆ. ಮೊನ್ನೆ ಮೂಡಬಿದ್ರೆಯಲ್ಲಿ ನನ್ನ ಹಳೇ ಕಾಲೇಜಿನ ಎದುರಿನ ಹೋಟೆಲಿಗೆ ಗೆಳತಿಯ ಜೊತೆ ಚಾ ಕುಡಿಯಲು ಹೋಗಿದ್ದೆ. ಒಳಗೆ ಯಾರೋ ಒಡೆದ ಹಾಲನ್ನು ಮೋರಿಗೆ ಸುರಿದರು. ಅಷ್ಟೇ ಸಾಕಾಯಿತು. "ಎಂತ ಆಯ್ತು ನಸೀಮಾ, ಮುಖ ಯಾಕೆ ಹಾಗೆ ಮಾಡಿದೆ?" ಅಂತ ಅವಳು ಕೇಳಿದಳು. ನಾನು ಆ ಮಳೆಗಾಲದ ಕಥೆ ಹೇಳಲು ಶುರು ಮಾಡಿದೆ. ಎರಡೆರಡು ಚಾ ಮುಗಿಯಿತು, ಕಥೆ ಅರ್ಧಕ್ಕೆ ಬಂದಿರಲಿಲ್ಲ, ಅವಳು ಬಸ್ಸು ಬಂತು ಅಂತ ಓಡಿದಳು. ನನಗೆ ಅರ್ಧ ಹೇಳಿ ನಿಲ್ಲಿಸಿ ಅಭ್ಯಾಸ ಇಲ್ಲ. ಹಾಗಾಗಿ ಪೂರ್ತಿ ಇಲ್ಲಿ ಬರೆಯುತ್ತೇನೆ.

ಬಂಟ್ವಾಳದ ಒಂದು ಸಣ್ಣ ಖಾಸಗಿ ಡೈರಿಯ ಆಫೀಸಿನಲ್ಲಿ ನಾನು ಕಂಪ್ಯೂಟರ್ ಕೆಲಸಕ್ಕೆ ಸೇರಿ ಆಗ ಎರಡನೇ ವರ್ಷ. ಮೂಡಬಿದ್ರೆಯಿಂದ ಬೆಳ್ತಂಗಡಿ ಆಚೆಯ ಚಾರ್ಮಾಡಿಯವರೆಗೆ ನಮ್ಮದು ಹನ್ನೊಂದು ಹಾಲಿನ ಸೆಂಟರ್‌ಗಳು. ಪ್ರತಿ ಸೆಂಟರಿನಲ್ಲಿ ಒಂದು ದೊಡ್ಡ ಸ್ಟೀಲ್ ಟಾಂಕಿ. ಊರಿನವರು ಬೆಳಿಗ್ಗೆ ಸಂಜೆ ತಂದು ಹಾಕಿದ ಹಾಲನ್ನು ಅದರ ಕೂಲರ್ ತಣ್ಣಗೆ ಇಡುತ್ತದೆ, ಕರೆಂಟು ಹೋದರೆ ಜನರೇಟರ್ ಉಂಟು. ಮರುದಿನ ಬೆಳಿಗ್ಗೆ ಟ್ಯಾಂಕರ್ ಹೋಗಿ ತರುತ್ತದೆ. ನನ್ನ ಕೆಲಸ ಎಂತ ಅಂದರೆ ದಿನಕ್ಕೆ ಎರಡು ಸಲ ಹನ್ನೊಂದು ಕಡೆಗೂ ಫೋನ್ ಮಾಡಿ "ಕೂಲರ್ ಸರಿ ಉಂಟಾ?" ಅಂತ ಕೇಳುವುದು, ಅವರು ಹೇಳಿದ್ದನ್ನು ರಿಪೋರ್ಟಿನಲ್ಲಿ ಬರೆಯುವುದು. ಬಿ.ಸಿ.ಎ. ಓದಿ ಬಂದವಳಿಗೆ ಇದು ಎಂತ ಸಾವು ಮಾರಾಯ್ರೆ!

ಅದೂ ನಮ್ಮ ಊರಿನವರನ್ನು ಫೋನಿನಲ್ಲಿ ಕೇಳಿ ಪ್ರಯೋಜನ ಇಲ್ಲ. ಇಲ್ಲಿ ಯಾರನ್ನು ಕೇಳಿದರೂ ಮೊದಲು "ಸರಿ ಉಂಟು" ಅಂತಲೇ ಹೇಳುವುದು. ಕಾಲು ಮುರಿದು ಪ್ಲಾಸ್ಟರ್ ಹಾಕಿ ಮಲಗಿದವರೂ ಮೊದಲು "ಒಳ್ಳೆದುಂಟು" ಅನ್ನುತ್ತಾರೆ, ಕಾಲಿನ ಸಮಾಚಾರ ಬರುವುದು ಫೋನ್ ಇಡುವ ಹೊತ್ತಿಗೆ. ಇನ್ನೊಬ್ಬರಿಗೆ ತೊಂದರೆ ಕೊಡಬಾರದು ಅನ್ನುವ ಮರ್ಯಾದೆ ಅದು. ಮರ್ಯಾದೆ ಒಳ್ಳೆಯದೇ, ಆದರೆ ಕೂಲರಿಗೆ ಆಗುವುದಿಲ್ಲ. ವಾಟ್ಸಾಪ್ ಗ್ರೂಪ್ ಒಂದು ಇತ್ತು. ಅದರಲ್ಲಿ ಗುಲಾಬಿ ಹೂವಿನ ಶುಭೋದಯ, ಶುಕ್ರವಾರದ ದುವಾ, ಧರ್ಮಸ್ಥಳಕ್ಕೆ ಹೋದವರ ಫೋಟೋ, ಇದೆಲ್ಲದರ ಅಡಿಯಲ್ಲಿ ಎಲ್ಲಿಯೋ "ಮೆಷಿನ್ ಶಬ್ದ ಮಾಡ್ತಾ ಉಂಟು" ಅಂತ ಒಂದು ಸಾಲು. ನಾನು ನೋಡುವಾಗ ಸಂಜೆಯಾಗಿರುತ್ತಿತ್ತು.

ಆ ವರ್ಷ ಮಳೆ ಹಿಡಿದು ಎರಡು ವಾರ ಆಗಿರಬೇಕು. ಬೆಳಿಗ್ಗೆ ಟ್ಯಾಂಕರಿನ ಡ್ರೈವರ್ ಚಾರ್ಮಾಡಿಯಿಂದ ಫೋನ್ ಮಾಡಿ, "ಮೇಡಂ, ಟಾಂಕಿ ತಣ್ಣಗೆ ಉಂಟು, ಮೆಷಿನ್ ಓಡ್ತಾ ಉಂಟು, ಆದ್ರೆ ಹಾಲು ಹುಳಿ" ಅಂದ. ಟಾಂಕಿ ಪೂರ್ತಿ ಚರಂಡಿಗೆ ಹೋಯಿತು. ನಮ್ಮ ಮ್ಯಾನೇಜರ್ ಶೆಣೈ ಸರ್ ಕೆಟ್ಟವರಲ್ಲ, ಆದರೆ ತೀರ್ಪು ಕೊಡಲು ಭಾರೀ ಅವಸರ. ಬೆಳಿಗ್ಗೆ ಟಾಂಕಿ ತಣ್ಣಗೆ, ಹಾಲು ಮಾತ್ರ ಕೆಟ್ಟಿದೆ ಅಂದರೆ ಅರ್ಥ ಒಂದೇ, ಸಂಜೆ ಕೂಲರ್ ಹಾಕಲು ಮರೆತಿದ್ದಾರೆ, ತಡವಾಗಿ ನೆನಪಾಗಿ ಬಂದು ಹಾಕಿದ್ದಾರೆ ಅಂತ ಅವರು ಕುರ್ಚಿಯಿಂದ ಏಳುವ ಮೊದಲೇ ತೀರ್ಮಾನ ಮಾಡಿದರು.

ಮರೆತದ್ದು ಯಾರು? ಸುನಂದಕ್ಕ. ಚಾರ್ಮಾಡಿ ಸೆಂಟರನ್ನು ನೋಡಿಕೊಳ್ಳುವ ಹೆಂಗಸು, ಐವತ್ತು ದಾಟಿದವರು. ಆ ಸೆಂಟರ್ ಶುರುವಾಗುವ ಮೊದಲು ಅಲ್ಲಿಯ ಗುಡ್ಡದ ಮನೆಗಳಿಗೆ ಒಂದೊಂದಾಗಿ ಹತ್ತಿ ಇಳಿದು, "ಹಾಲು ನಮಗೆ ಕೊಡಿ, ಹಾಳಾಗಲಿಕ್ಕೆ ನಾನು ಬಿಡುವುದಿಲ್ಲ" ಅಂತ ಮಾತು ಕೊಟ್ಟು ಬಂದವರು ಅವರೇ. ಈಗ ಅದೇ ಮನೆಯವರು ತಮ್ಮ ಹಾಲು ಚರಂಡಿಯಲ್ಲಿ ಹೋಗುವುದನ್ನು ನಿಂತು ನೋಡಿದ್ದಾರೆ. ನಾನು ಫೋನ್ ಮಾಡಿದಾಗ ಅವರು, "ಕರೆಂಟು ಹೋಗ್ಲೇ ಇಲ್ಲ ನಸೀಮಾ. ನಾನು ಏಳು ಗಂಟೆವರೆಗೆ ಅಲ್ಲೇ ಇದ್ದೆ. ಬಲ್ಬ್ ಉರೀತಾ ಇತ್ತು, ಹಾಲು ತಿರುಗಿಸುವ ಫ್ಯಾನ್ ತಿರುಗ್ತಾ ಇತ್ತು" ಅಂದರು. ನಾನು ಹೂಂ ಹೂಂ ಅಂದೆ. ಸತ್ಯ ಹೇಳುತ್ತೇನೆ, ನಾನೂ ನಂಬಲಿಲ್ಲ. ಅದು ನೆನಪಾದರೆ ನಾಚಿಕೆಯಾಗುತ್ತದೆ.

ಇಷ್ಟಾದ ಮೇಲೆ ನಾನು ಶೆಣೈ ಸರ್ ಹತ್ತಿರ ಹೋಗಿ, "ಸರ್, ಜನರನ್ನು ಕೇಳುವುದು ಬೇಡ. ಮೆಷಿನನ್ನೇ ಕೇಳುವ" ಅಂದೆ. ಕಾಲೇಜಿನಲ್ಲಿದ್ದಾಗ ಕೆಲಸದ ಜಾಹೀರಾತು ನೋಡಲು ನಾನು ವೆಬ್ ಫೀಡ್ ಬಳಸುತ್ತಿದ್ದೆ. ಇಪ್ಪತ್ತು ವೆಬ್‌ಸೈಟಿಗೆ ಹೋಗಿ ಹುಡುಕುವ ಕೆಲಸ ಇಲ್ಲ. ಒಮ್ಮೆ ಚಂದಾದಾರರಾದರೆ ಸಾಕು, ಯಾವ ಸೈಟಿನಲ್ಲಿ ಹೊಸದು ಬಂದರೂ ಅದರ ಸಾಲು ತಾನೇ ಬಂದು ನಮ್ಮ ಪಟ್ಟಿಯ ಮೇಲೆ ಕೂತುಕೊಳ್ಳುತ್ತದೆ. ಸುದ್ದಿಗೆ ಆಗುವುದಾದರೆ ಹಾಲಿಗೆ ಯಾಕೆ ಆಗಬಾರದು? ಒಂದೊಂದು ಕೂಲರಿಗೆ ಒಂದೊಂದು ಫೀಡ್. ಮೆಕ್ಯಾನಿಕ್‌ಗೆ ಮೆಷಿನಿನ ತೊಂದರೆ ಮಾತ್ರ ಬೇಕು, ಅವನು ಅಷ್ಟನ್ನೇ ನೋಡಲಿ. ಡ್ರೈವರ್ ತನ್ನ ರೂಟಿನದ್ದು ನೋಡಲಿ. ಸೆಂಟರಿನವರು ಒಬ್ಬರದ್ದು ಒಬ್ಬರು ನೋಡಲಿ. ಗುಲಾಬಿ ಹೂವು ಮಾತ್ರ ಅದರಲ್ಲಿ ಬರುವುದಿಲ್ಲ.

"ಇದೆಲ್ಲ ದೊಡ್ಡ ಕಂಪೆನಿಯವರ ಕೆಲಸ ಮೇಡಂ," ಅಂದರು ಶೆಣೈ ಸರ್. "ದೊಡ್ಡ ಕಂಪೆನಿಯವರಿಗೆ ಕೈ ನಾಲ್ಕು ಉಂಟಾ?" ಅಂತ ಕೇಳಿದೆ. ಆಫೀಸಿನಲ್ಲಿ ನನಗೆ ಜಗಳಗಂಟಿ ಅಂತ ಹೆಸರು ಬಂದದ್ದು ಸುಮ್ಮನೆ ಅಲ್ಲ. ಅವರು ನಕ್ಕು ಹೂಂ ಅಂದರು, "ಆದ್ರೆ ಚಾರ್ಮಾಡಿಯಲ್ಲಿ ಇನ್ನೊಂದು ಸಲ ಹಾಗಾದ್ರೆ ಸೆಂಟರ್ ಮುಚ್ಚುವುದೇ" ಅಂತಲೂ ಹೇಳಿದರು.

ನಮ್ಮ ಮೆಕ್ಯಾನಿಕ್ ಗಿಲ್ಬರ್ಟ್ ಮೂಡಬಿದ್ರೆಯವನು. ಮಾತು ಕಡಿಮೆ, ಕೈ ಚುರುಕು. ಉಷ್ಣತೆ ಅಳೆಯುವ ಕಡ್ಡಿ, ಸಿಮ್ ಹಾಕುವ ಸಣ್ಣ ಬೋರ್ಡು, ಅದನ್ನು ಇಡಲು ಪ್ಲಾಸ್ಟಿಕ್ಕಿನ ತಿಂಡಿ ಡಬ್ಬ. ಮೊದಲನೆಯದನ್ನು ಅವನ ಊರಿನ ಸೆಂಟರಿನಲ್ಲಿಯೇ ಕೂಡಿಸಿದೆವು. ಹೊರಗೆ ಮಳೆ ಹೊಯ್ಯುತ್ತಿತ್ತು, ಒಳಗೆ ನಾನು ಲ್ಯಾಪ್‌ಟಾಪನ್ನು ಹಾಲಿನ ಕ್ಯಾನಿನ ಮೇಲಿಟ್ಟು ಕೋಡ್ ಬರೆಯುತ್ತಿದ್ದೆ. ಆಫೀಸಿನ ಪಟ್ಟಿಯಲ್ಲಿ "ಮೂಡಬಿದ್ರೆ: ಹಾಲು ಬೆಚ್ಚಗಾಗಿದೆ" ಅಂತ ಪರೀಕ್ಷೆಯ ಮೊದಲ ಸಾಲು ಬಂದಾಗ ನಾನು ಕೂಗಿದ ಕೂಗಿಗೆ ಹಾಲು ತಂದವರು ಹಾವು ಬಂತಾ ಅಂತ ಹೊರಗೆ ಓಡಿದರು. ಎರಡು ವಾರದಲ್ಲಿ ಹನ್ನೊಂದು ಕಡೆಯೂ ಡಬ್ಬ ಕೂತಿತು. ಶೆಣೈ ಸರ್ ಕ್ಯಾಬಿನ್ನಿನಲ್ಲಿ ಕ್ರಿಕೆಟ್ ನೋಡಲು ಇಟ್ಟಿದ್ದ ಟಿ.ವಿ.ಗೆ ಫೀಡನ್ನು ಹಾಕಿದೆ. ತೊಂದರೆ ಆದರೆ ಮಾತ್ರ ಸಾಲು ಬರಬೇಕು, ಎಲ್ಲ ಸರಿ ಇದ್ದರೆ ಪರದೆ ಖಾಲಿ. ಅದು ನನ್ನದೇ ಐಡಿಯಾ. ಎಂತ ಚಂದ ಅಂತ ನಾನೇ ನೋಡಿ ನೋಡಿ ಖುಷಿಪಟ್ಟೆ.

ಆ ಚಂದವೇ ನನ್ನ ಮರ್ಯಾದೆ ತೆಗೆಯಿತು. ಒಂದು ಮಂಗಳವಾರ ಬೆಳಿಗ್ಗೆ ಚಾರ್ಮಾಡಿಯ ಹಾಲು ಮತ್ತೆ ಹುಳಿ. ಪರದೆ ನೋಡಿದರೆ ಖಾಲಿ. ಹಿಂದಿನ ದಿನದ್ದು ಹುಡುಕಿದೆ, ಚಾರ್ಮಾಡಿಯಿಂದ ಒಂದೇ ಒಂದು ಸಾಲು ಇಲ್ಲ. ಶೆಣೈ ಸರ್ ಬೈಯಲಿಲ್ಲ, ಅದು ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು. "ನಿಮ್ಮ ಮೆಷಿನಿನ ಪ್ರಕಾರವೂ ಕೂಲರಿನಲ್ಲಿ ಎಂತ ತೊಂದರೆ ಇರಲಿಲ್ಲ. ಹಾಗಾದ್ರೆ ತೊಂದರೆ ಇರುವುದು ಮನುಷ್ಯರಲ್ಲಿ. ಬರೆಯಿರಿ ಮೇಡಂ" ಅಂದರು. ಚಾರ್ಮಾಡಿ ಸೆಂಟರ್ ಮುಚ್ಚುವ ಪತ್ರ. ಕಾರಣ: ಕೇಂದ್ರದ ಕೆಲಸಗಾರ್ತಿಯ ನಿರ್ಲಕ್ಷ್ಯ.

ನಿರ್ಲಕ್ಷ್ಯ ಅನ್ನುವ ಶಬ್ದ ಟೈಪ್ ಮಾಡುವಾಗಲೇ ಸುನಂದಕ್ಕನ ಫೋನ್ ಬಂತು. ಅವರಿಗೆ ವಿಷಯ ಹೇಗೋ ತಲುಪಿತ್ತು. ಅಳಲಿಲ್ಲ, ಗಟ್ಟಿ ಸ್ವರದಲ್ಲೇ ಮಾತಾಡಿದರು. "ಮುಚ್ಚುವುದಾದ್ರೆ ಮುಚ್ಚಿ ನಸೀಮಾ. ಅದು ನಿಮ್ಮ ಕಂಪೆನಿ. ಆದ್ರೆ ನನ್ನಿಂದ ಅಂತ ಬರೆದು ಮುಚ್ಬೇಡಿ. ಈ ಊರಿನ ಪ್ರತಿ ಮನೆಯ ಜಗಲಿಯಲ್ಲಿ ನಾನು ಕೂತು ಮಾತು ಕೊಟ್ಟಿದ್ದೇನೆ. ನಾಳೆ ಆ ದಾರಿಯಲ್ಲಿ ನಡೀಬೇಕಾದವಳು ನಾನು."

ನಾನು ಫೋನ್ ಇಟ್ಟು ಸೀದಾ ಕ್ಯಾಬಿನ್ನಿಗೆ ಹೋದೆ. "ಸರ್, ಈ ಪತ್ರ ನಾನು ಟೈಪ್ ಮಾಡುವುದಿಲ್ಲ. ಶನಿವಾರದವರೆಗೆ ಟೈಮ್ ಕೊಡಿ. ಅಷ್ಟರಲ್ಲಿ ಗೊತ್ತಾಗದಿದ್ರೆ ಕೆಲಸಗಾರ್ತಿಯ ಜೊತೆ ಫೀಡ್ ಮಾಡಿದವಳ ಹೆಸರೂ ಬರೆಯುವ" ಅಂದೆ. "ಶನಿವಾರ ಹನ್ನೆರಡು ಗಂಟೆ" ಅಂದರು ಅವರು.

ಆ ಸಂಜೆ ಆಫೀಸಿನಿಂದ ಹೊರಟವಳಿಗೆ ಮಂಡೆಯೊಳಗೆ ಚಾರ್ಮಾಡಿ ಬಿಟ್ಟು ಬೇರೆ ಎಂತದೂ ಇರಲಿಲ್ಲ. ನಮ್ಮ ಮನೆ ನರಿಕೊಂಬಿನಲ್ಲಿ. ಮಳೆಗಾಲದಲ್ಲಿ ಆಫೀಸಿನಿಂದ ಹೊರಟ ಕೂಡಲೇ ಉಮ್ಮನಿಗೆ, ಅಂದರೆ ಅಮ್ಮನಿಗೆ, ಒಂದು ಮಿಸ್ಡ್ ಕಾಲ್ ಕೊಡಬೇಕು, ಅದು ನಮ್ಮ ಮನೆಯ ಕಾನೂನು. ನಮ್ಮ ಮನೆಯದ್ದು ಮಾತ್ರ ಎಂತಕ್ಕೆ, ಈ ಕಡೆಯ ಎಲ್ಲ ಮನೆಗಳಲ್ಲೂ ಉಂಟು. ಹೊರಟರೆ ಒಂದು, ತಲುಪಿದರೆ ಒಂದು. ಯಾರೂ ಎತ್ತುವುದಿಲ್ಲ, ಹಣ ಹೋಗುವುದಿಲ್ಲ, ರಿಂಗ್ ಬಂದರೆ ಸಮಾಧಾನ. ಆವತ್ತು ನಾನು ಕೊಡಲು ಮರೆತೆ. ಬಸ್ಸಿನಿಂದ ಇಳಿದು ನೋಡಿದರೆ ಉಮ್ಮ ಕೊಡೆ ಹಿಡಿದು ಸ್ಟಾಪಿನಲ್ಲಿ ನಿಂತಿದ್ದಾರೆ, ಪಕ್ಕದ ಮನೆಯ ರಿಕ್ಷಾ ಸ್ಟಾರ್ಟ್ ಆಗಿ ನನ್ನನ್ನು ಹುಡುಕಲು ಹೊರಟಿದೆ.

ಉಮ್ಮ ಮೊದಲು ಅಲ್ಹಂದುಲಿಲ್ಲಾಹ್ ಅಂದರು, ಆಮೇಲೆ ಶುರು ಮಾಡಿದರು. ನಮ್ಮ ಮನೆಮಾತು ಬ್ಯಾರಿಯಲ್ಲಿ ಬೈದದ್ದನ್ನು ಕನ್ನಡಕ್ಕೆ ತಂದರೆ ಅರ್ಧ ಖಾರ ಹೋಗುತ್ತದೆ. "ಎಂತದೂ ಆಗ್ಲಿಲ್ಲ ಉಮ್ಮಾ, ಸುಮ್ಮನೆ ಮರೆತೆ ಅಷ್ಟೇ" ಅಂದೆ.

"ನೀನು ಸುಮ್ಮನಿದ್ರೆ ಎಂತದೂ ಆಗ್ಲಿಲ್ಲ ಅಂತ ನನಗೆ ಹೇಗೆ ಗೊತ್ತಾಗುವುದು? ಹೊಳೆಗೆ ಬಿದ್ದವಳೂ ಸುಮ್ಮನೇ ಇರ್ತಾಳೆ!"

ಯಾ ಅಲ್ಲಾ, ನಾನು ರಸ್ತೆಯಲ್ಲಿಯೇ ನಿಂತುಬಿಟ್ಟೆ. ಹನ್ನೊಂದು ಡಬ್ಬಗಳಿಗೂ ನಾನು ಎಂತ ಕಲಿಸಿದ್ದೆ? ತೊಂದರೆ ಆದರೆ ಮಾತ್ರ ಮಾತಾಡು ಅಂತ. ಡಬ್ಬವೇ ಸತ್ತರೆ ಮಾತಾಡುವುದು ಯಾರು? ಸತ್ತ ಡಬ್ಬವೂ ಖಾಲಿ, ಸುಖವಾಗಿರುವ ಡಬ್ಬವೂ ಖಾಲಿ. ಆಫೀಸಿನಲ್ಲಿ ಕೂತು ನಾನು ಅದನ್ನು ಚಂದ ಅಂತ ನೋಡುತ್ತಿದ್ದೆ. ಉಮ್ಮನ ಕೈ ಹಿಡಿದು ಮುತ್ತು ಕೊಟ್ಟೆ. ಅವರು "ಇದಕ್ಕೆ ಮಂಡೆ ಸರಿ ಇಲ್ಲ" ಅಂತ ರಿಕ್ಷಾದವನಿಗೆ ಹೇಳಿದರು.

ಬುಧವಾರ ಬೆಳಿಗ್ಗೆ ಆಫೀಸಿನಲ್ಲಿ ಕೂತು ಹನ್ನೊಂದು ಫೀಡುಗಳನ್ನೂ ಬದಲಾಯಿಸಿದೆ. ಪ್ರತಿ ಕಾಲು ಗಂಟೆಗೆ ಒಂದು ಸಾಲು ಬರಬೇಕು: ಇದ್ದೇನೆ, ಹಾಲು ಇಷ್ಟು ತಣ್ಣಗೆ ಉಂಟು. ಸಾಲು ತಪ್ಪಿದರೆ ಆ ಊರಿನ ಹೆಸರು ಕೆಂಪಾಗಿ ಮೇಲೆ ಬರಬೇಕು. ಈಗ ಪರದೆ ತುಂಬ ಸಾಲುಗಳು. ಶೆಣೈ ಸರ್ "ಎಂತ ಮೇಡಂ, ಸಂತೆ ಮಾಡಿದ್ದೀರಿ" ಅಂದರು. ಅಂದು ಸಂಜೆ ಎಲ್ಲ ಹನ್ನೊಂದೂ ತಪ್ಪದೆ ಮಾತಾಡಿದವು. ನನಗೆ ಸಮಾಧಾನಕ್ಕಿಂತ ಭಯವೇ ಹೆಚ್ಚಾಯಿತು. ಶನಿವಾರದವರೆಗೆ ಹೀಗೇ ಇದ್ದರೆ ಸುನಂದಕ್ಕನ ಗತಿ ಎಂತ?

ಗುರುವಾರ ಸಂಜೆ ಗಾಳಿ ಎದ್ದಿತು. ನಾನು ಮನೆ ಜಗಲಿಯಲ್ಲಿ ಫೋನ್ ಹಿಡಿದು ಕೂತಿದ್ದೆ. ಆರೂವರೆಗೆ ಚಾರ್ಮಾಡಿಯ ಸಾಲು ಬಂತು. ಆರು ಮುಕ್ಕಾಲಿಗೆ ಬರಲಿಲ್ಲ. ಎರಡು ನಿಮಿಷ ನೋಡಿದೆ, ಹೆಸರು ಕೆಂಪಾಯಿತು. ಕೂಡಲೇ ಫೋನ್ ಮಾಡಿದೆ.

"ಸುನಂದಕ್ಕ, ಕರೆಂಟು ಉಂಟಾ?"

"ಉಂಟು ಮಾರಾಯ್ತಿ. ಬಲ್ಬ್ ಉರೀತಾ ಉಂಟು, ಫ್ಯಾನ್ ತಿರುಗ್ತಾ ಉಂಟು. ಮಳೆಯ ಶಬ್ದದಲ್ಲಿ ನಿನ್ನ ಸ್ವರವೇ ಕೇಳ್ತಾ ಇಲ್ಲ."

"ಅಕ್ಕ, ಹಿಂದೆ ಹೋಗಿ. ಟಾಂಕಿಯಿಂದ ಕಂಪ್ರೆಸರಿಗೆ ಹೋಗುವ ಪೈಪು ಉಂಟಲ್ಲ, ಅದನ್ನು ಕೈಯಲ್ಲಿ ಮುಟ್ಟಿ ಒಮ್ಮೆ."

ಶೀಟಿನ ಮೇಲೆ ಮಳೆ ಬಡಿಯುವುದು ಫೋನಿನಲ್ಲಿ ಕೇಳುತ್ತಿತ್ತು. ಆಮೇಲೆ ಅವರ ಸ್ವರ ಬಂತು. "ನಸೀಮಾ! ಬೆಚ್ಚಗೆ ಉಂಟಲ್ಲ ಇದು! ಮಂಜು ಹಿಡಿದಿರ್ಬೇಕಾದ ಪೈಪು ಬೆಚ್ಚಗೆ ಉಂಟು!"

"ಜನರೇಟರ್ ಹಾಕಿ ಅಕ್ಕ, ಈಗಲೇ ಹಾಕಿ!" ಅಂತ ನಾನು ಕೂಗಿದೆ. ಒಳಗಿನಿಂದ ಉಮ್ಮ ಓಡಿ ಬಂದರು. ಏಳು ಗಂಟೆಗೆ ಫೋನಿನಲ್ಲಿ ಸಾಲು ಬಂತು: ಚಾರ್ಮಾಡಿ ಇದ್ದೇನೆ. ನಾನು ಉಮ್ಮನನ್ನು ತಬ್ಬಿಕೊಂಡು ಅತ್ತೆ. ಮರುದಿನ ಬೆಳಿಗ್ಗೆ ಚಾರ್ಮಾಡಿಯ ಹಾಲು ಪರೀಕ್ಷೆಯಲ್ಲಿ ಪಾಸು.

ಶುಕ್ರವಾರ ಗಿಲ್ಬರ್ಟ್ ಲೈನ್‌ಮ್ಯಾನ್ ಒಬ್ಬರನ್ನು ಕರೆದುಕೊಂಡು ಹೋದ. ಮಧ್ಯಾಹ್ನ ಫೋನ್ ಮಾಡಿದ, ಅವನ ಜೀವಮಾನದಲ್ಲಿಯೇ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಸೆಂಟರಿಗೆ ಬರುವುದು ಮೂರು ತಂತಿ. ಮಳೆಗೆ ವಾಲಿದ ಹಲಸಿನ ಕೊಂಬೆಯೊಂದು ಅದರಲ್ಲಿ ಒಂದರ ಜೋಡಣೆಯನ್ನು ಸಡಿಲ ಮಾಡಿಬಿಟ್ಟಿತ್ತು. ಘಾಟಿಯಿಂದ ಗಾಳಿ ಇಳಿದಾಗ ಆ ಒಂದು ತಂತಿ ಬಿಟ್ಟುಕೊಳ್ಳುತ್ತದೆ, ಗಾಳಿ ನಿಂತ ಮೇಲೆ ತಾನೇ ಸೇರಿಕೊಳ್ಳುತ್ತದೆ. ಬಲ್ಬು, ಫ್ಯಾನು ಬೇರೆ ತಂತಿಯಲ್ಲಿ, ಹಾಗಾಗಿ ಅವು ಓಡುತ್ತವೆ. ಹಾಲನ್ನು ತಣ್ಣಗೆ ಮಾಡುವ ಕಂಪ್ರೆಸರಿಗೆ ಮೂರೂ ಬೇಕು, ಅದು ನಿಲ್ಲುತ್ತದೆ. ಸಂಜೆಯ ಬಿಸಿ ಹಾಲು ಗಂಟೆಗಟ್ಟಲೆ ಹಾಗೆಯೇ ಕೂತು ಕೆಡುತ್ತದೆ, ಬೆಳಿಗ್ಗೆಗೆ ಮಾತ್ರ ಎಲ್ಲ ತಣ್ಣಗೆ. "ಮತ್ತೆ ಮೇಡಂ," ಅಂತ ಅವನು ಸ್ವರ ಸಣ್ಣದು ಮಾಡಿದ, "ನಮ್ಮ ಡಬ್ಬಕ್ಕೂ ನಾನು ಅದೇ ತಂತಿಯಿಂದ ಕರೆಂಟು ಕೊಟ್ಟದ್ದು. ಕೂಲರ್ ನಿಂತಾಗಲೇ ಡಬ್ಬವೂ ನಿಂತಿದೆ. ತಪ್ಪು ನನ್ನದು." "ಅರ್ಧ ನನ್ನದು," ಅಂದೆ. ಹೊಸ ಹಾಲು ಹೇಗೂ ಬೆಚ್ಚಗಿರುತ್ತದೆ, ಎರಡು ಗಂಟೆ ಬಿಟ್ಟು ಕೂಗು ಅಂತ ಡಬ್ಬಕ್ಕೆ ಕಲಿಸಿದ್ದು ನಾನು; ಕರೆಂಟು ಬಂದ ಮೇಲೆ ಅದು ಲೆಕ್ಕವನ್ನು ಮೊದಲಿನಿಂದ ಶುರು ಮಾಡಿತ್ತು, ಅದು ಮುಗಿಯುವ ಮೊದಲೇ ಹಾಲು ತಣ್ಣಗಾಗಿತ್ತು.

ಸುನಂದಕ್ಕ ಮೊದಲ ದಿನ ಎಂತ ಹೇಳಿದ್ದರೋ ಅದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ಶೆಣೈ ಸರ್, ಗಿಲ್ಬರ್ಟ್, ನಾನು, ಓದಿದ ನಾವು ಮೂರು ಜನ ನಂಬದೆ ಕೂತಿದ್ದೆವು.

ಶನಿವಾರ ಹನ್ನೆರಡು ಗಂಟೆಗೆ ಕಾಯದೆ ಬೆಳಿಗ್ಗೆಯೇ ಚಾರ್ಮಾಡಿಯ ಸಾಲುಗಳನ್ನು ಪ್ರಿಂಟ್ ತೆಗೆದು ಶೆಣೈ ಸರ್ ಮೇಜಿನ ಮೇಲಿಟ್ಟೆ. ಗುರುವಾರದ ಆ ತಪ್ಪಿದ ಸಾಲಿನ ಜಾಗಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದೆ. ಅವರು ಓದಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಓದಿದರು. "ಕಾರು ತೆಗೀಲಿಕ್ಕೆ ಹೇಳಿ. ನೀವೂ ಬನ್ನಿ" ಅಂದರು.

ಚಾರ್ಮಾಡಿಗೆ ತಲುಪುವಾಗ ಊರಿನವರು ಸೆಂಟರಿನ ಎದುರು ಸೇರಿದ್ದರು. ಮುಚ್ಚಲು ಬಂದರು ಅಂತಲೇ ಎಲ್ಲರ ಎಣಿಕೆ. ಸುನಂದಕ್ಕ ಬಾಗಿಲಲ್ಲಿ ಕೈ ಕಟ್ಟಿ ನಿಂತಿದ್ದರು. ಶೆಣೈ ಸರ್ ಹತ್ತು ವರ್ಷದಲ್ಲಿ ಯಾರ ಹತ್ತಿರವೂ ಕ್ಷಮೆ ಕೇಳಿದ್ದನ್ನು ಆಫೀಸಿನಲ್ಲಿ ಯಾರೂ ನೋಡಿಲ್ಲವಂತೆ. ಅವರು ಮಳೆಯಲ್ಲಿಯೇ ನಿಂತು, ಎಲ್ಲರಿಗೂ ಕೇಳುವ ಹಾಗೆ, "ತಪ್ಪಾಂಡ್ ಸುನಂದಕ್ಕ" ಅಂತ ತುಳುವಿನಲ್ಲಿ ಹೇಳಿದರು. ತಪ್ಪಾಯ್ತು ಅಂತ.

ಸುನಂದಕ್ಕ ಕರಗಿ ನೀರಾಗುತ್ತಾರೆ ಅಂತ ನೀವು ಎಣಿಸಿದರೆ ಅವರನ್ನು ನಿಮಗೆ ಗೊತ್ತಿಲ್ಲ. "ಇಲ್ಲಿ ಹೇಳಿದ್ದು ಇಲ್ಲಿಯವರಿಗೆ ಗೊತ್ತಾಯ್ತು. ಉಳಿದ ಹತ್ತು ಸೆಂಟರಿನವರೂ ನನ್ನ ಬಗ್ಗೆ ಮಾತಾಡಿದ್ದಾರಲ್ಲ, ಅವರಿಗೆ?" ಅಂತ ಕೇಳಿದರು. ಶೆಣೈ ಸರ್ ನನ್ನ ಕಡೆ ತಿರುಗಿ, "ಫೀಡಿನಲ್ಲಿ ಹಾಕಿ ಮೇಡಂ" ಅಂದರು. ಅಲ್ಲಿಯೇ ಹಾಲಿನ ಕ್ಯಾನಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಅವರು ಹೇಳಿದ ಹಾಗೆ ಟೈಪ್ ಮಾಡಿದೆ: "ಚಾರ್ಮಾಡಿಯಲ್ಲಿ ಹಾಲು ಕೆಟ್ಟದ್ದು ಸಡಿಲ ತಂತಿಯಿಂದ. ಸುನಂದಕ್ಕನ ತಪ್ಪು ಏನೂ ಇರಲಿಲ್ಲ. ಶೆಣೈ." ಹನ್ನೊಂದು ಊರಿನ ಫೋನುಗಳಿಗೂ ಅದು ಹೋಯಿತು. ಸುನಂದಕ್ಕ ತಮ್ಮ ಫೋನ್ ತೆಗೆದು ಒಂದೊಂದೇ ಅಕ್ಷರ ಓದಿದರು.

ಓದಿ ಮುಗಿಸಿ, "ಇದು ಎಷ್ಟು ದಿನ ಇರ್ತದೆ?" ಅಂತ ಕೇಳಿದರು.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೊಸ ಸಾಲು ಬಂದ ಹಾಗೆ ಹಳೆಯದು ಕೆಳಗೆ ಹೋಗುತ್ತದೆ, ನಾಳೆ ಇಷ್ಟು ಹೊತ್ತಿಗೆ ಕಾಣುವುದಿಲ್ಲ, ಫೀಡ್ ಅಂದರೆ ಹಾಗೆಯೇ ಅಂತ.

"ಹಾಗಾ?" ಅಂದರು. "ನನ್ನ ಮೇಲೆ ಹಾಕಿದ ಮಾತು ವಾರಗಟ್ಟಲೆ ಇತ್ತು. ಇದು ಒಂದೇ ದಿನವಾ?"

ಲ್ಯಾಪ್‌ಟಾಪ್ ಮತ್ತೆ ತೆರೆದೆ. ಫೀಡ್ ಮಾಡುವವರ ರೀತಿಗೆ ಇದು ಪೂರ್ತಿ ವಿರುದ್ಧ, ನನ್ನ ಕಾಲೇಜಿನ ಮೇಷ್ಟ್ರು ನೋಡಿದರೆ ಬೈಯುತ್ತಿದ್ದರು. ಆದರೂ ಆ ಒಂದು ಸಾಲು ಮಾತ್ರ ಯಾವತ್ತೂ ಕೆಳಗೆ ಹೋಗಬಾರದು ಅಂತ ಕೋಡಿನಲ್ಲಿ ಬರೆದೆ. ಶೆಣೈ ಸರ್ ನನ್ನ ಹಿಂದೆಯೇ ನಿಂತು ನೋಡುತ್ತಿದ್ದರು.

ಈಗ ನಮ್ಮದು ಮೂವತ್ತು ಸೆಂಟರ್. ಫೀಡ್ ನೋಡಿಕೊಳ್ಳಲು ನನ್ನ ಕೈಕೆಳಗೆ ಇಬ್ಬರಿದ್ದಾರೆ. ಹೊಸದಾಗಿ ಸೇರಿದವಳೊಬ್ಬಳು ಕಳೆದ ತಿಂಗಳು ಪರದೆಯ ಮೇಲ್ತುದಿಯ ಆ ಸಾಲನ್ನು ತೋರಿಸಿ, "ಮೇಡಂ, ಇದು ವರ್ಷಗಳ ಹಿಂದಿನದ್ದಲ್ವಾ? ತೆಗೆಯುವುದಾ?" ಅಂತ ಕೇಳಿದಳು.

"ಮುಟ್ಟಿದ್ರೆ ಕೈ ಮುರೀತೇನೆ," ಅಂದೆ.